ಮುಂಗೋಪಿ ಲೋಹಕ್ಕೊಂದು ಸಂಬಂಧ

ಹೈಸ್ಕೂಲಿನ ರಸಾಯನಶಾಸ್ತ್ರದಲ್ಲಿ ಎಲ್ಲರಿಗೂ ನೆನಪಿರುವ ಪ್ರಯೋಗ ಒಂದೇ. ಮೇಷ್ಟ್ರು ಮೆಗ್ನೀಷಿಯಂ ಪಟ್ಟಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ, ಇಕ್ಕಳದಲ್ಲಿ ಹಿಡಿದು ಉರಿಗೆ ಒಡ್ಡುತ್ತಿದ್ದರು. 'ನೇರ ನೋಡಬೇಡ್ರೋ' ಅಂದರೆ ನೇರವಾಗಿಯೇ ನೋಡುತ್ತಿದ್ದೆವು. ಕಣ್ಣು ಕೋರೈಸುವ ಬೆಳಕು, ಆಮೇಲೆ ಒಂದು ಚಿಟಿಕೆ ಬಿಳಿ ಬೂದಿ.

ಅಲ್ಯೂಮಿನಿಯಂಗಿಂತ ಮೂರರಲ್ಲೊಂದು ಪಾಲು ಹಗುರವಾದ ಲೋಹ ಇದು. ಇಷ್ಟು ಹೊತ್ತಿಗೆ ಅರ್ಧ ಕಾರು ಇದರದೇ ಆಗಬೇಕಿತ್ತು. ಸ್ವಭಾವ ಬಿಡಲಿಲ್ಲ. ಕಾವು ಸ್ವಲ್ಪ ಏರಿದರೆ ಮೆತ್ತಗಾಗುತ್ತದೆ, ಉಪ್ಪುನೀರು ತಗುಲಿದರೆ ಸವೆಯುತ್ತದೆ. ಇಂಥ ಹುಡುಗನಿಗೆ ನಮ್ಮ ಹಿರಿಯರು ಹೇಳುವ ಮದ್ದು ಮದುವೆ. ಲೋಹಶಾಸ್ತ್ರಜ್ಞರೂ ಹುಡುಕಿದ್ದು ಸಂಬಂಧವನ್ನೇ. ಸಿಕ್ಕಿದ್ದು ಯಿಟ್ರಿಯಂ, ನಿಯೋಡೈಮಿಯಂ, ಸೀರಿಯಂ ಮೊದಲಾದ ವಿರಳ ಭೂಧಾತುಗಳ ಮನೆತನ.

ಇವು ಮೆಗ್ನೀಷಿಯಂ ಜೊತೆ ಲೆಕ್ಕ ಹಾಕಿಯೇ ಕೂಡುತ್ತವೆ: ಒಂದು ಸೀರಿಯಂಗೆ ಹನ್ನೆರಡು ಮೆಗ್ನೀಷಿಯಂ, ಎರಡು ಲ್ಯಾಂಥನಂಗೆ ಹದಿನೇಳು. ಪ್ರತಿ ಪರಮಾಣುವಿಗೂ ಜಾಗ ಗೊತ್ತಾಗಿರುವ ಈ ಅಂತರ್ಲೋಹ ಸಂಯುಕ್ತಗಳು ಗಟ್ಟಿ, ಆದರೆ ಪೆಡಸು. ಸುತ್ತಿಗೆಯ ಏಟಿಗೆ ಪುಡಿ. ಅವು ಕೆಲಸಕ್ಕೆ ಬರುವುದು ಮೆಗ್ನೀಷಿಯಂ ಒಳಗೆ ಕಣ್ಣಿಗೆ ಕಾಣದ ಕಣಗಳಾಗಿ ಹರಡಿಕೊಂಡಾಗ. ಲೋಹದ ಪದರ ಜಾರಲು ಹೊರಟಲ್ಲೆಲ್ಲ ಅಡ್ಡ ನಿಲ್ಲುತ್ತವೆ. ಡಬ್ಲ್ಯೂಇ43 ಎಂಬ ಮಿಶ್ರಲೋಹ ಹೆಲಿಕಾಪ್ಟರ್ ಗೇರ್‌ಬಾಕ್ಸಿನ ಬಿಸಿಯನ್ನು ತಾಳುವುದು ಹೀಗೆ. 2001ರಲ್ಲಿ ಜಪಾನಿನ ಕವಾಮುರಾ ಮತ್ತು ಸಂಗಡಿಗರು ನೂರು ಪರಮಾಣುಗಳಲ್ಲಿ ಎರಡು ಯಿಟ್ರಿಯಂ, ಒಂದು ಸತು ಇರುವಂತೆ ಬೆರೆಸಿ 610 ಮೆಗಾಪ್ಯಾಸ್ಕಲ್ ಬಲ ಪಡೆದರು. ನಾವು ತಾರಸಿಗೆ ಕಟ್ಟುವ ಎಫ್‌ಇ 500 ಕಂಬಿಯ ಲೆಕ್ಕ ಅದರ ಹೆಸರಲ್ಲೇ ಇದೆ, 500!

ನನಗೆ ಹೆಲಿಕಾಪ್ಟರಿಗಿಂತ ಕಾಲಿನ ಚಿಂತೆ ಹೆಚ್ಚು. ನಮ್ಮತ್ತೆಗೆ ಕಾಲು ಮುರಿದು ರಾಡು, ಸ್ಕ್ರೂ ಹಾಕಿದರು. ಮೂಳೆ ಕೂಡಿದ ಮೇಲೆ ಅದನ್ನು ತೆಗೆಯಲು ಮತ್ತೊಂದು ಆಪರೇಷನ್, ಮತ್ತೊಂದು ಬಿಲ್ಲು. ಮೆಗ್ನೀಷಿಯಂ ಸ್ಕ್ರೂ ಆದರೆ ಮೈಯೊಳಗೇ ಕರಗುತ್ತದೆ. ಬರೀ ಮೆಗ್ನೀಷಿಯಂಗೆ ಅವಸರ ಜಾಸ್ತಿ, ಹೈಡ್ರೋಜನ್ ಗುಳ್ಳೆ ಬಿಡುತ್ತಾ ಬೇಗ ಕರಗಿಬಿಡುತ್ತದೆ. ಯಿಟ್ರಿಯಂ ಬಳಗ ಸೇರಿದರೆ ಮೂಳೆ ಕೂಡುವ ತನಕ ತಾಳಿಕೊಳ್ಳುತ್ತದೆ. ಜರ್ಮನಿಯ ಇಂಥ ಸ್ಕ್ರೂಗೆ 2013ರಲ್ಲೇ ಯುರೋಪಿನ ಒಪ್ಪಿಗೆ ಸಿಕ್ಕಿದೆ.

ಕಾರಿನ ಇಂಧನವಾಗಿ ಹೈಡ್ರೋಜನ್ನನ್ನು ಈ ಲೋಹದಲ್ಲಿ ತುಂಬಿಡುವ ಕನಸೂ ಇದೆ. ಮೆಗ್ನೀಷಿಯಂ ಹೈಡ್ರೈಡಿನ ತೂಕದಲ್ಲಿ ಶೇ 7.6ರಷ್ಟು ಹೈಡ್ರೋಜನ್ನೇ. ಅದನ್ನು ಬಿಡಿಸಿಕೊಳ್ಳಲು ಮಾತ್ರ ಸುಮಾರು 300 ಡಿಗ್ರಿ ಕಾವು ಬೇಕು. ಲ್ಯಾಂಥನಂ ಸೇರಿದರೆ ವೇಗ ಹೆಚ್ಚುತ್ತದೆ, ಕಾವಿನ ಬೇಡಿಕೆ ಅಷ್ಟಾಗಿ ಇಳಿಯದು. ಹೊರಡುವ ಮೊದಲು ಒಲೆ ಹೊತ್ತಿಸಬೇಕಾದ ಕಾರನ್ನು ಯಾರು ಕೊಳ್ಳುತ್ತಾರೆ? ನನ್ನ ವೋಟು ಸ್ಕ್ರೂಗೇ.