ಜ್ಲೊನಿತ್ಸೆಯ ಗಂಟೆಗಳು

ಪ್ರಾಗ್ ನಗರದಿಂದ ಉತ್ತರಕ್ಕೆ ಹೊರಟ ರೈಲು ವ್ಲತಾವಾ ನದಿಯ ದಡವನ್ನೇ ಹಿಡಿದು ಸಾಗುತ್ತದೆ. ಕೆಲವೇ ಹೊತ್ತಿನಲ್ಲಿ ನೆಲಾಹೊಜೆವೆಸ್ ಬರುತ್ತದೆ. ಇಲ್ಲಿ ಅರಮನೆಯೊಂದರ ಬುಡದಲ್ಲಿ ನಿಂತಿರುವ ಮನೆಯಲ್ಲಿ, ೧೮೪೧ರಲ್ಲಿ, ಸಂಗೀತ ರಚನಕಾರ ಆಂಟೊನಿನ್ ದ್ವೋರ್ಜಾಕ್ ಜನಿಸಿದ. ತಂದೆ ಮಾಂಸದ ವ್ಯಾಪಾರಿ; ಜೊತೆಗೆ ಒಂದು ಪಾನಗೃಹವನ್ನೂ ನಡೆಸುತ್ತಿದ್ದ.

ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ಬೊಹೀಮಿಯದ ಹೊಲಗಳನ್ನು ದಾಟಿದರೆ ಜ್ಲೊನಿತ್ಸೆ ಎಂಬ ಸಣ್ಣ ಊರು ಸಿಗುತ್ತದೆ. ಹುಡುಗ ೧೮೫೩ರಲ್ಲಿ ಇಲ್ಲಿಗೆ ಬಂದದ್ದು ಜರ್ಮನ್ ಭಾಷೆ ಕಲಿಯಲೆಂದು. ಆಸ್ಟ್ರಿಯದ ಅರಸರ ಆಳ್ವಿಕೆಯ ಆ ಕಾಲದಲ್ಲಿ ಜರ್ಮನ್ ಬಾರದವನಿಗೆ ಏಳಿಗೆ ಕಷ್ಟವಾಗಿತ್ತು. ಆದರೆ ಉಪಾಧ್ಯಾಯ ಆಂಟೊನಿನ್ ಲೀಮನ್ ಸಂಗೀತ ಬಲ್ಲವನು. ಭಾಷೆ ಕಲಿಯಲು ಬಂದ ಶಿಷ್ಯನಿಗೆ ಆತ ಆರ್ಗನ್, ಪಿಯಾನೊ, ವಯೋಲಾಗಳನ್ನೂ ಕಲಿಸಿಕೊಟ್ಟ. ಊರಿನ ಇಗರ್ಜಿಯ ಗಂಟೆಗಳ ನಾದ ಹುಡುಗನ ಕಿವಿಯಲ್ಲಿ ಉಳಿಯಿತು.

೧೮೬೫ರ ಹೊತ್ತಿಗೆ ದ್ವೋರ್ಜಾಕ್‌ಗೆ ಇಪ್ಪತ್ಮೂರು ವಯಸ್ಸು. ಪ್ರಾಗ್‌ನ ಒಂದು ರಂಗಮಂದಿರದ ವಾದ್ಯವೃಂದದಲ್ಲಿ ವಯೋಲಾ ನುಡಿಸಿ ಹೊಟ್ಟೆ ಹೊರೆಯುತ್ತಿದ್ದ. ಆ ವರ್ಷ ಫೆಬ್ರವರಿ ೧೪ರಂದು ಆರಂಭಿಸಿ ಮಾರ್ಚ್ ೨೪ಕ್ಕೆ ಮುಗಿಸಿದ ಕೃತಿಯೇ ಆತನ ಮೊದಲ ಸಿಂಫನಿ; ನಾಲ್ಕು ಭಾಗಗಳ ದೊಡ್ಡ ರಚನೆ. ಹಸ್ತಪ್ರತಿಯನ್ನು ಜರ್ಮನಿಯ ಒಂದು ಸ್ಪರ್ಧೆಗೆ ಕಳುಹಿಸಿದ. ಬಹುಮಾನ ಬರಲಿಲ್ಲ; ಹಸ್ತಪ್ರತಿಯೂ ಹಿಂದಿರುಗಲಿಲ್ಲ. ವಾದ್ಯವೃಂದಕ್ಕೆಂದು ರಚಿಸಿದ ಸಂಗೀತಕ್ಕೆ ಸ್ವರಲಿಪಿಯ ಹಾಳೆಯೇ ಆಧಾರ. ಹಾಳೆ ಹೋದರೆ ನುಡಿಸುವವರಿಗೆ ಉಳಿಯುವುದೇನು?

ಹದಿನೇಳು ವರ್ಷ ಕಳೆದವು. ೧೮೮೨ರಲ್ಲಿ ಜರ್ಮನಿಯ ಲೈಪ್ಜಿಗ್ ನಗರದ ಹಳೆಯ ಪುಸ್ತಕಗಳ ಅಂಗಡಿಯೊಂದರಲ್ಲಿ ಈ ಹಸ್ತಪ್ರತಿ ತರುಣನೊಬ್ಬನ ಕಣ್ಣಿಗೆ ಬಿತ್ತು. ಆತನ ಹೆಸರು ರುಡೊಲ್ಫ್ ದ್ವೋರ್ಜಾಕ್. ಮನೆತನದ ಹೆಸರು ಒಂದೇ ಆದರೂ ಇಬ್ಬರಿಗೂ ನಂಟಿರಲಿಲ್ಲ. ಆತ ಅದನ್ನು ಕೊಂಡು ಮನೆಗೆ ತಂದ. ಮುಂದೆ ಪ್ರಾಗ್‌ನಲ್ಲಿ ಪೌರ್ವಾತ್ಯ ಭಾಷೆಗಳ ಪ್ರಾಧ್ಯಾಪಕನಾದ. ಸಂಗೀತಗಾರ ದ್ವೋರ್ಜಾಕ್‌ನ ಕೀರ್ತಿ ಅಷ್ಟರಲ್ಲಿ ಅಮೆರಿಕದವರೆಗೂ ಹಬ್ಬಿತ್ತು. ಇಬ್ಬರೂ ಒಂದೇ ನಗರದಲ್ಲಿ ವರ್ಷಗಟ್ಟಲೆ ಬಾಳಿದರು. ಆದರೂ ಪ್ರಾಧ್ಯಾಪಕ ತನ್ನ ಬಳಿಯಿದ್ದ ನಿಧಿಯ ಸುದ್ದಿಯನ್ನು ಅದರ ಕರ್ತೃವಿಗೆ ತಿಳಿಸಲಿಲ್ಲ.

೧೯೦೪ರಲ್ಲಿ ದ್ವೋರ್ಜಾಕ್ ತೀರಿಕೊಂಡ. ತನ್ನ ಚೊಚ್ಚಲ ಸಿಂಫನಿ ಶಾಶ್ವತವಾಗಿ ಹೋಯಿತೆಂದೇ ಆತನ ನಂಬಿಕೆ. ಆದರೆ ಮನಸ್ಸು ಅದನ್ನು ಪೂರ್ತಿ ಬಿಟ್ಟುಕೊಟ್ಟಿರಲಿಲ್ಲ. ಪಿಯಾನೊಗಾಗಿ ಬರೆದ 'ಸಿಲೂಯೆಟ್ಸ್' ಎಂಬ ಕಿರುರಚನೆಗಳಲ್ಲಿ ಅದರ ಸ್ವರಗಳು ಆಗಲೇ ಇಣುಕಿದ್ದವು.

ಪ್ರಾಧ್ಯಾಪಕ ರುಡೊಲ್ಫ್ ೧೯೨೦ರಲ್ಲಿ ನಿಧನನಾದ. ಹಸ್ತಪ್ರತಿ ಮಗನ ಕೈಸೇರಿತು. ೧೯೨೩ರಲ್ಲಿ ಅದರ ಇರವು ಸಂಗೀತಲೋಕಕ್ಕೆ ತಿಳಿಯಿತು. ಆದರೂ ಕೇಳುವ ಭಾಗ್ಯ ಬರಲು ಇನ್ನೂ ಹದಿಮೂರು ವರ್ಷ ಬೇಕಾಯಿತು. ಪ್ರಾಗ್‌ನ ಆಗ್ನೇಯಕ್ಕಿರುವ ಬರ್ನೋ ನಗರದಲ್ಲಿ, ೧೯೩೬ರ ಅಕ್ಟೋಬರ್ ೪ರಂದು, ಮಿಲಾನ್ ಸಾಕ್ಸ್ ನಿರ್ದೇಶನದಲ್ಲಿ ಅದು ಮೊದಲ ಬಾರಿಗೆ ಮೊಳಗಿತು. ಅದೂ ಅಲ್ಲಲ್ಲಿ ಕತ್ತರಿಸಿದ ರೂಪದಲ್ಲಿ. ಬರೆದು ಎಪ್ಪತ್ತೊಂದು ವರ್ಷವಾಗಿತ್ತು. ಅಚ್ಚಾದದ್ದು ೧೯೬೧ರಲ್ಲಿ.

ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಕಾಪಾಡಿಕೊಂಡಿರುವ ಮನೆಗಳಲ್ಲಿ ಇದಕ್ಕೊಂದು ಸಾಕ್ಷಿ ಸಿಗಬಹುದು. ದ್ವೋರ್ಜಾಕ್‌ನ ಪ್ರಖ್ಯಾತ 'ನವಜಗತ್ತು' ಸಿಂಫನಿಗೆ ಅವುಗಳ ಮೇಲೆ ಐದು ಎಂಬ ಸಂಖ್ಯೆ ಇರುವುದುಂಟು. ಆತನ ಜೀವಿತಕಾಲದಲ್ಲಿ ಅಚ್ಚಾಗಿದ್ದವು ಐದೇ. ಅಚ್ಚಾಗದ ಮೂರನ್ನೂ ಕಳೆದು ಸಿಕ್ಕ ಈ ಒಂದನ್ನೂ ಸೇರಿಸಿ ಎಣಿಸಿದಾಗ ಅದೇ ಕೃತಿ ಒಂಬತ್ತನೆಯದಾಯಿತು. ಮನೆ ಬಿಟ್ಟುಹೋಗಿದ್ದ ಹಿರಿಯ ಮಗ ಮರಳಿ ಬಂದಾಗ ತಮ್ಮಂದಿರ ಸ್ಥಾನವೂ ಬದಲಾಗಬೇಕಷ್ಟೆ.

ಈ ಸಿಂಫನಿಯನ್ನು ಇಂದು 'ಜ್ಲೊನಿತ್ಸೆಯ ಗಂಟೆಗಳು' ಎಂದೇ ಕರೆಯುತ್ತಾರೆ. ಹಸ್ತಪ್ರತಿಯ ಮೇಲೆ ಈ ಹೆಸರಿಲ್ಲ. ಅದು ದ್ವೋರ್ಜಾಕ್‌ನ ಬಾಯಿಂದ ಬಂದದ್ದು. ಹಾಳೆಗಳು ಕೈಬಿಟ್ಟರೂ ಹೆಸರನ್ನು ಆತ ಮರೆತಿರಲಿಲ್ಲ. ಜ್ಲೊನಿತ್ಸೆಯಲ್ಲಿ ಈಗ ಆತನ ಸ್ಮಾರಕ ಸಂಗ್ರಹಾಲಯವಿದೆ. ಅದನ್ನು ನೋಡಲು ಹೋದವರು ಇಗರ್ಜಿಯ ಬಳಿಯೂ ಒಂದಿಷ್ಟು ಹೊತ್ತು ನಿಲ್ಲುವುದು ಒಳ್ಳೆಯದು. ಗಂಟೆ ಬಾರಿಸುವ ವೇಳೆಯಾದರೆ, ಕಥೆ ಎಲ್ಲಿಂದ ಆರಂಭವಾಯಿತೆಂಬುದು ಕಿವಿಗೇ ತಿಳಿಯುತ್ತದೆ.