ಚನ್ನರಾಯಪಟ್ಟಣದ ದಾರಿಯಲ್ಲಿ ಒಂದು ಹಳೆಯ ಜೀಪು

ಚನ್ನರಾಯಪಟ್ಟಣವೆಂದೊಡನೆ ಬಹುಮಂದಿಗೆ ನೆನಪಾಗುವುದು ಹಾಸನ ಜಿಲ್ಲೆಯ ಊರು. ಶ್ರವಣಬೆಳಗೊಳದ ಯಾತ್ರಿಕರು ಹಾದುಹೋಗುವ ಪಟ್ಟಣ. ಅದೇ ಹೆಸರಿನ ಇನ್ನೊಂದು ಊರು ಬೆಂಗಳೂರಿಗೆ ಸಮೀಪದಲ್ಲಿಯೇ, ದೇವನಹಳ್ಳಿ ತಾಲ್ಲೂಕಿನಲ್ಲಿ ಇದೆಯೆಂಬುದನ್ನು ರಾಜಧಾನಿಯಲ್ಲಿ ಹುಟ್ಟಿ ಬೆಳೆದವರಲ್ಲಿಯೂ ಅನೇಕರು ಅರಿಯರು. ಹೆಸರಿನಲ್ಲಿ ಪಟ್ಟಣವಿದ್ದರೂ ಇದು ಹೋಬಳಿಯ ಕೇಂದ್ರವಾದ ಹಳ್ಳಿ. ಪಶ್ಚಿಮಕ್ಕೆ ಟಿಪ್ಪುಸುಲ್ತಾನ ಹುಟ್ಟಿದ ದೇವನಹಳ್ಳಿ. ವಾಯವ್ಯದಲ್ಲಿ ನಂದಿಬೆಟ್ಟದ ಸಾಲು. ಸುತ್ತಲೂ ರಾಗಿಯ ಹೊಲ, ದ್ರಾಕ್ಷಿಯ ಚಪ್ಪರ, ಹಿಪ್ಪುನೇರಳೆಯ ತೋಟ. 2008ರಲ್ಲಿ ಬಾಗಿಲು ತೆರೆದ ವಿಮಾನ ನಿಲ್ದಾಣ ಇಲ್ಲಿಗೆ ದೂರವಲ್ಲ. ತಲೆಯ ಮೇಲೆ ವಿಮಾನ ಗುಡುಗಿ ಹೋಗುತ್ತಿದ್ದರೆ ಕೆಳಗೆ ರೈತನೊಬ್ಬ ಸೊಪ್ಪು ಕೊಯ್ಯುತ್ತಿರುತ್ತಾನೆ.

ಈ ನೆಲ ಉಳಿದುಕೊಂಡ ಬಗೆಯೂ ಸಾಮಾನ್ಯವಾದುದಲ್ಲ. ಹೋಬಳಿಯ ಹದಿಮೂರು ಗ್ರಾಮಗಳ 1,777 ಎಕರೆಗಳನ್ನು ಕೈಗಾರಿಕೆಗೆಂದು ವಶಪಡಿಸಿಕೊಳ್ಳಲು ಸರ್ಕಾರ ಹೊರಟಾಗ, 2022ರ ಏಪ್ರಿಲ್‌ನಲ್ಲಿ ರೈತರು ಧರಣಿ ಕುಳಿತರು. ಮೂರು ವರ್ಷಕ್ಕೂ ಮಿಕ್ಕಿ ಅದು ನಡೆಯಿತು. 2025ರ ಜುಲೈ 15ರಂದು ಸರ್ಕಾರ ಆ ಯೋಜನೆಯನ್ನು ಕೈಬಿಡುವುದಾಗಿ ಪ್ರಕಟಿಸಿತು.

ಅಂಥ ಹೊಲವೊಂದರಲ್ಲಿ ರೇಷ್ಮೆ ಬೆಳೆಯುವ ಮಿತ್ರರೊಬ್ಬರೊಡನೆ ನಾವು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೊರಟಿದ್ದೆವು. ವಾಹನ ಅವರ ತಂದೆಯವರ ಕಾಲದ ಪೆಟ್ರೋಲ್ ಜೀಪು. ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ಹುಟ್ಟಿದ ಈ ಗಾಡಿ ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಮ್ಮ ದೇಶದಲ್ಲೂ ತಯಾರಾಗತೊಡಗಿತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ, ರಸ್ತೆಯಿಲ್ಲದ ಊರುಗಳಿಗೂ ಸರ್ಕಾರವೆಂಬುದು ಜೀಪಿನಲ್ಲಿಯೇ ಬರತೊಡಗಿತು. ಬಿ.ಡಿ.ಓ. ಸಾಹೇಬರ ಜೀಪಿನ ಹಿಂದೆ ಧೂಳಿನಲ್ಲಿ ಓಡಿದ ನೆನಪು ಇಂದಿನ ಹಿರಿಯರಲ್ಲಿ ಎಷ್ಟು ಮಂದಿಗಿಲ್ಲ!

ಮುಂಜಾನೆಯ ಮಂಜು ಇನ್ನೂ ಕರಗಿರಲಿಲ್ಲ. ಊರು ದಾಟಿ ವಿಜಯಪುರದ ಕಡೆಗೆ ತಿರುಗುವಷ್ಟರಲ್ಲಿ, ಹಳ್ಳ ಸಿಕ್ಕಿದಾಗಲೆಲ್ಲ ಜೀಪು ಕೆಮ್ಮತೊಡಗಿತು, ಕೊನೆಗೆ ನಿಂತೇಹೋಯಿತು. ಹಿಂದೆ ಗೂಡಿನ ಚೀಲಗಳು. ಗೂಡು ಕಾಯುವ ಸರಕಲ್ಲ. ದಿನ ಕಳೆದಂತೆ ತೂಕ ಇಳಿಯುತ್ತದೆ. ಮಿತಿ ಮೀರಿದರೆ ಒಳಗಿನ ಚಿಟ್ಟೆ ಗೂಡನ್ನು ತೂತುಮಾಡಿ ಹೊರಬೀಳುತ್ತದೆ, ಆ ಗೂಡಿನಿಂದ ನೂಲು ತೆಗೆಯುವಂತಿಲ್ಲ. ಸಾಲದ ಕಂತು, ಮಗಳ ಕಾಲೇಜಿನ ಶುಲ್ಕ ಎರಡೂ ಆ ಚೀಲಗಳಲ್ಲಿದ್ದವು.

ಸುತ್ತ ನೆರೆದವರು ತಲೆಗೊಂದು ಸಲಹೆ ಕೊಟ್ಟರು. ಬ್ಯಾಟರಿ ಹೋಗಿದೆಯೆಂದರು ಒಬ್ಬರು. ಕಾಯಿಲ್ ಸುಟ್ಟಿದೆಯೆಂದರು ಮತ್ತೊಬ್ಬರು. ಪೆಟ್ರೋಲಿಗೆ ನೀರು ಸೇರಿದೆಯೆಂದು ಮೂರನೆಯವರು ತೀರ್ಪು ಕೊಟ್ಟರು. ಅಷ್ಟರಲ್ಲಿ ಊರಿನ ಮುದುಕ ಮೇಸ್ತ್ರಿ ಸೈಕಲ್ಲಿನಲ್ಲಿ ಬಂದ.

“ಮೇಸ್ತ್ರಿ, ಹೊಸ ಕಾಯಿಲ್ ತರಿಸಿಬಿಡಲೇನಪ್ಪ?” ಎಂದರು ಮಿತ್ರರು ಆತುರದಿಂದ.

“ಸಾಮಾನು ಆಮೇಲೆ, ಗೌಡ್ರೆ. ರೋಗ ಎಲ್ಲಿದೆ ಅಂತ ಮೊದಲು ನೋಡಾಣ.”

ಆತನ ಕ್ರಮವನ್ನು ಬರೆದಿಡಲು ಕಾರಣವುಂಟು. ಹಾರನ್ ಒತ್ತಿದ, ದೀಪ ಹಾಕಿದ, ಸ್ಟಾರ್ಟರ್ ತುಳಿದ. ಎಂಜಿನ್ ಚುರುಕಾಗಿ ತಿರುಗಿತು. ಬ್ಯಾಟರಿಗೆ ದೋಷವಿಲ್ಲ! ಆಮೇಲೆ ಒಂದು ಪ್ಲಗ್ಗಿನ ವೈರನ್ನು ಕಿತ್ತು, ಒಣಬಟ್ಟೆಯಲ್ಲಿ ಹಿಡಿದು, ಅದರ ತುದಿಯನ್ನು ಎಂಜಿನ್ನಿನ ಲೋಹಕ್ಕೆ ಕಾಲಂಗುಲ ದೂರದಲ್ಲಿಟ್ಟು ತಿರುಗಿಸಿ ನೋಡಿದ. ಕಿಡಿಯಿಲ್ಲ. ಹಾಗಾದರೆ ಪೆಟ್ರೋಲಿನ ಮೇಲಿನ ಅನುಮಾನವನ್ನು ಸದ್ಯಕ್ಕೆ ಬಿಡಬಹುದು. ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಬರುವ ನಡುವಿನ ವೈರನ್ನು ಅದೇ ರೀತಿ ಪರೀಕ್ಷಿಸಿದ. ಅಲ್ಲಿಯೂ ಇಲ್ಲ. ಆದುದರಿಂದ ದೋಷ ಇನ್ನೂ ಹಿಂದಿದೆ.

ಇಲ್ಲಿ ಕಿಡಿಯ ವಿಚಾರವನ್ನು ಸ್ವಲ್ಪ ಹೇಳಬೇಕು. ಈ ಜೀಪಿನ ಬ್ಯಾಟರಿಯಲ್ಲಿರುವುದು 12 ವೋಲ್ಟು. ಪ್ಲಗ್ಗಿನಲ್ಲಿ ಕಿಡಿ ಹಾರಲು ಬೇಕಾದುದು ಹಲವು ಸಾವಿರ ವೋಲ್ಟು. ಕಾಯಿಲಿನಲ್ಲಿ ದಪ್ಪ ತಂತಿಯ ಕೆಲವು ನೂರು ಸುತ್ತು, ಸಣ್ಣ ತಂತಿಯ ಸಹಸ್ರಾರು ಸುತ್ತು ಇರುತ್ತವೆ. ದಪ್ಪ ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ‘ಪಾಯಿಂಟ್’ ಎಂಬ ಪುಟ್ಟ ಜೋಡಿ ಥಟ್ಟನೆ ಕಡಿದೊಡನೆ ಸಣ್ಣ ತಂತಿಯಲ್ಲಿ ಪ್ರಬಲವಾದ ಒತ್ತಡ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡ ತತ್ವವೇ ಇದು. ನಾಲ್ಕು ಸಿಲಿಂಡರಿನ ಈ ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಆ ಪಾಯಿಂಟ್ 4,000 ಸಲ ತೆರೆದು ಮುಚ್ಚುತ್ತದೆ.

ಮೇಸ್ತ್ರಿ ಜೇಬಿನಿಂದ ಎರಡು ವೈರು ಕಟ್ಟಿದ ಸಣ್ಣ ಬಲ್ಬನ್ನು ತೆಗೆದ. ಒಂದು ವೈರನ್ನು ಗಾಡಿಯ ಮೈಗೆ ಸಿಕ್ಕಿಸಿ, ಕೀಲಿ ತಿರುಗಿಸಿ, ಇನ್ನೊಂದನ್ನು ಕಾಯಿಲಿಗೆ ವಿದ್ಯುತ್ತು ಬರುವ ಕಡೆ ಮುಟ್ಟಿಸಿದ. ಬಲ್ಬು ಹೊತ್ತಿತು. ಹೊರಹೋಗುವ ಕಡೆಯೂ ಹೊತ್ತಿತು. ಆದರೆ ಎಂಜಿನ್ ತಿರುಗುವಾಗ ಮಿನುಗಬೇಕಾಗಿದ್ದ ಬಲ್ಬು ಒಂದೇ ಸಮನೆ ಉರಿಯಿತು. “ಪಾಯಿಂಟಿಗೆ ಕರೆಂಟು ಮುಟ್ತಾ ಇಲ್ಲ” ಎಂದ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಪಕ್ಕದ ತಿರುಪಿಗೆ ಮುಟ್ಟಿಸಿದಾಗ ಬೆಳಕಿತ್ತು. ಪಾಯಿಂಟನ್ನು ಕಡ್ಡಿಯಿಂದ ಅಗಲಿಸಿ ಅದರ ತೋಳಿಗೆ ಮುಟ್ಟಿಸಿದಾಗ ಕತ್ತಲೆ. ನಡುವೆ ಇದ್ದುದು ಒಂದೆರಡು ಅಂಗುಲದ ವೈರು ಮಾತ್ರ! ಮೇಲಿನ ಹೊದಿಕೆ ನೆಟ್ಟಗಿದ್ದರೂ ಒಳಗಿನ ತಾಮ್ರದ ಎಳೆಗಳು ಕಡಿದುಹೋಗಿದ್ದವು. ಹಳ್ಳ ಸಿಕ್ಕಿದಾಗ ಬಿಟ್ಟು, ಮತ್ತೆ ಕೂಡಿಕೊಂಡು, ಕೊನೆಗೆ ಪೂರ್ತಿ ಬಿಟ್ಟಿದ್ದವು.

ಒಂದು ತುಂಡು ವೈರನ್ನು ಜೋಡಿಸಿ, ಪಾಯಿಂಟಿನ ಮುಖವನ್ನು ಉಜ್ಜಿ, ನಡುವಣ ಅಂತರವನ್ನು ತೆಳುತಗಡಿನಿಂದ ಅಳೆದು ಅರ್ಧ ಮಿಲಿಮೀಟರಿಗೆ ನಿಲ್ಲಿಸಿದ. ಜೀಪು ಮೊದಲ ತುಳಿತಕ್ಕೇ ಎದ್ದಿತು. ಹೊಸ ಕಾಯಿಲ್ ತರಿಸಿದ್ದರೆ ಹಣವೂ ಹೋಗುತ್ತಿತ್ತು, ಹೊತ್ತೂ ಹೋಗುತ್ತಿತ್ತು. ಜೀಪು ಮಾತ್ರ ನಿಂತಲ್ಲಿಯೇ ನಿಂತಿರುತ್ತಿತ್ತು.

ಹಳೆಯ ಗಾಡಿಯುಳ್ಳ ವಾಚಕರಿಗೆ ಆತ ಹೇಳಿದ ಕೆಲವು ಮಾತುಗಳು ಉಪಯೋಗಕ್ಕೆ ಬಂದಾವು. ಬ್ಯಾಟರಿಯ ತುದಿಗಳಲ್ಲಿ ಕಟ್ಟುವ ಹುಡಿಯನ್ನು ತೊಳೆದು ಬಿಗಿಮಾಡಬೇಕು. ಬ್ಯಾಟರಿಯಿಂದ ಗಾಡಿಯ ಮೈಗೆ ಬರುವ ‘ಅರ್ತ್’ ತಂತಿಯ ಬುಡದಲ್ಲಿ ತುಕ್ಕು, ಬಣ್ಣ ಇರಕೂಡದು. ಮಂಜಿನ ದಿನಗಳಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳದ ಒಳಗನ್ನು ಒಣಬಟ್ಟೆಯಿಂದ ಒರಸಬೇಕು. ಎಂಜಿನ್ ನಿಂತಿರುವಾಗ ಕೀಲಿಯನ್ನು ತೆರೆದಿಟ್ಟರೆ ಕಾಯಿಲ್ ಕಾದು ಕೆಡುತ್ತದೆ. ಪೆಟ್ರೋಲಿನ ವಾಸನೆಯಿರುವಲ್ಲಿ ಕಿಡಿಯ ಪರೀಕ್ಷೆ ಸಲ್ಲದು.

ಮಿತ್ರರು ಹಣ ಕೊಡಹೋದಾಗ ಆತ ಕೊಂಚವೇ ತೆಗೆದುಕೊಂಡ. “ನೆಲ ಹೋಗಿದ್ರೆ ಗೂಡೆಲ್ಲಿ, ಗೌಡ್ರೆ? ಗೂಡಿಲ್ದಿದ್ರೆ ಈ ಜೀಪ್ಯಾಕೆ, ನಾನ್ಯಾಕೆ? ನಡೀರಿ, ಹರಾಜಿಗೆ ಹೊತ್ತಾಯ್ತು” ಎಂದು ಸೈಕಲ್ ಹತ್ತಿದ.

ವಿಜಯಪುರ ದಾಟುವಷ್ಟರಲ್ಲಿ ಮಂಜು ಹರಿದು ಬಿಸಿಲು ಬಿದ್ದಿತ್ತು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡನ್ನು ಸುರಿದಾಗ ಹರಾಜು ಇನ್ನೂ ಆರಂಭವಾಗಿರಲಿಲ್ಲ.