ಸಾಕು ಅನ್ನಲಿಕ್ಕೆ ಜೊತೆ ಬೇಕು

ನಮ್ಮ ಸೀಮೆಯಲ್ಲಿ ಉಣ್ಣಲು ಕೂತವರನ್ನು ಅವರ ಪಾಡಿಗೆ ಬಿಡುವುದಿಲ್ಲ. ರೋಣ, ನರಗುಂದ, ಗಜೇಂದ್ರಗಡ, ಈ ಮೂರು ತಾಲ್ಲೂಕಿನ ಯಾವ ಮನೆಗೆ ಹೋದರೂ ತಾಟಿನ ಪಕ್ಕ ಒಬ್ಬರು ರೊಟ್ಟಿ ಬುಟ್ಟಿ ಹಿಡಿದು ನಿಂತಿರುತ್ತಾರೆ. "ಇನ್ನೊಂದು ಅರ್ಧ ಹಾಕಸ್ಕೋರಿ." "ಖರೇನ ಸಾಕಾತೇನ್ರಿ?" "ನಮ್ಮನಿ ಊಟ ಸೇರಲಿಲ್ಲೇನು?" ಮೂರನೆಯ ಮಾತು ಬಂದ ಮೇಲೆ ಎಂಥವರಾದರೂ ತಾಟಿಗೆ ಅಡ್ಡ ಹಿಡಿದ ಕೈ ತೆಗೆಯಲೇಬೇಕು. ಇದು ಪ್ರೀತಿಯ ಒತ್ತಾಯ. ಮಳೆ ಕೈಕೊಟ್ಟ ವರ್ಷಗಳನ್ನು ಕಂಡುಂಡ ಎರೆಹೊಲದ ಜನ, ಬುಟ್ಟಿಯಲ್ಲಿ ರೊಟ್ಟಿ ಇದ್ದ ದಿನ ಮತ್ತೊಬ್ಬರಿಗೆ ನೀಡದೆ ತಾವು ಉಂಡವರಲ್ಲ. ಹಾಗಾಗಿ ತೂಕ ಇಳಿಸಬೇಕೆಂದು ನಿಶ್ಚಯಿಸಿದವರಿಗೆ ಇಲ್ಲಿ ನಾಲಗೆಯ ಚಪಲಕ್ಕಿಂತ ಮೊದಲೇ ಮನೆಯವರ ಅಕ್ಕರೆ ಎದುರಾಗುತ್ತದೆ.

ಒಬ್ಬರನ್ನೊಬ್ಬರು ಹುರಿದುಂಬಿಸುವುದು ನಮಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಇಷ್ಟು ವರ್ಷ ಅದನ್ನು ಇನ್ನಷ್ಟು ಉಣ್ಣಿಸಲಿಕ್ಕೆ ಬಳಸಿದ್ದೇವೆ. ಅದೇ ಹುಮ್ಮಸ್ಸನ್ನು ಸಾಕು ಅನ್ನಿಸಲಿಕ್ಕೂ ತಿರುಗಿಸಬಹುದು ಎಂಬ ನಂಬಿಕೆ ನನಗೆ ಹುಟ್ಟಿದ್ದು ನಮ್ಮ ಮನೆಯಲ್ಲೇ.

ನಾವು ಮೂವರು ಅಕ್ಕತಂಗಿಯರು. ತವರು ಹೊಳೆಆಲೂರು ಕಡೆಯ ಹಳ್ಳಿ, ಮಲಪ್ರಭೆಯ ದಂಡೆ. ಅಕ್ಕನನ್ನು ನರಗುಂದಕ್ಕೆ ಕೊಟ್ಟರು, ನನ್ನನ್ನು ರೋಣಕ್ಕೆ, ತಂಗಿಯನ್ನು ಗಜೇಂದ್ರಗಡಕ್ಕೆ. ಅಕ್ಕನ ರಕ್ತ ತಪಾಸಣೆಯಲ್ಲಿ ಸಕ್ಕರೆ ಗಡಿಗೆ ಬಂದಿದೆ ಎಂದು ಗೊತ್ತಾದ ರಾತ್ರಿ ಮೂವರೂ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದೆವು. ಡಾಕ್ಟರು ಗುಳಿಗೆ ಬರೆದಿರಲಿಲ್ಲ. ತೂಕ ಇಳಿಸಿ, ಮೂರು ತಿಂಗಳು ಬಿಟ್ಟು ಬನ್ನಿ ಎಂದಿದ್ದರು.

"ನಾ ಒಬ್ಬಾಕಿ ಏನ್ ಮಾಡ್ಲಿ?" ಅಂದಳು ಅಕ್ಕ.

"ಒಬ್ಬಾಕಿ ಯಾಕ ಮಾಡ್ತಿ ಯಕ್ಕಾ, ನಾವೂ ಮಾಡ್ತೀವಿ ತಗೋ" ಅಂದಳು ತಂಗಿ. ಶುರುವಾದದ್ದು ಹಾಗೆ.

ಡಾಕ್ಟರ ಆ ಮಾತಿಗೆ ಗಟ್ಟಿ ಆಧಾರವಿದೆ. 2002ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನದ ಫಲ ಹೊರಬಂತು. ಸಕ್ಕರೆ ಗಡಿಗೆ ಬಂದಿದ್ದ 3,234 ಜನ ಅದರಲ್ಲಿದ್ದರು. ಮೈತೂಕದಲ್ಲಿ ಶೇ 7ರಷ್ಟು ಇಳಿಸಬೇಕು, ವಾರಕ್ಕೆ 150 ನಿಮಿಷ ನಡೆಯಬೇಕು ಎಂಬ ಗುರಿ ಇಟ್ಟುಕೊಂಡವರಲ್ಲಿ ಮಧುಮೇಹ ಬರುವುದು ಶೇ 58ರಷ್ಟು ತಗ್ಗಿತು. 2006ರಲ್ಲಿ ಚೆನ್ನೈನ ವೈದ್ಯರು ನಮ್ಮವರ ಮೇಲೆ ಇಂಥದೇ ಅಧ್ಯಯನ ನಡೆಸಿದಾಗ ಅದು ಶೇ 28.5ರಷ್ಟು ತಗ್ಗಿತ್ತು. ಕಡಿಮೆ ಅನಿಸಬಹುದು, ಆದರೆ ಒಂದು ಗುಳಿಗೆಯೂ ಇಲ್ಲದೆ ಅಷ್ಟು. ಎಪ್ಪತ್ತು ಕಿಲೊ ತೂಗುವವಳಿಗೆ ಶೇ 7 ಅಂದರೆ ಐದು ಕಿಲೊದಷ್ಟಾಯಿತು. ನಾವು ಗಿರಣಿಗೆ ಹೊತ್ತೊಯ್ಯುವ ಜೋಳದ ಡಬ್ಬಿಯ ಭಾರ. ಆ ಡಬ್ಬಿಯನ್ನು ಹಗಲೂ ರಾತ್ರಿ ನಡುವಿಗೆ ಕಟ್ಟಿಕೊಂಡು ತಿರುಗುತ್ತಿದ್ದೇನೆ ಎಂದು ತಿಳಿದಾಗ ಅಕ್ಕನಿಗೆ ಲೆಕ್ಕ ಬೇರೆ ಬೇಕಾಗಲಿಲ್ಲ.

ತೂಕದ ಯಂತ್ರ ಮೂರೂ ಮನೆಯಲ್ಲಿ ಇರಲಿಲ್ಲ. ತಂಗಿ ಹೊಲಿಗೆ ಮಾಡುವವಳು, ಅವಳ ಟೇಪೇ ಸಾಕಾಯಿತು. ನಮ್ಮ ದೇಶದ ಹೆಣ್ಣುಮಕ್ಕಳ ಸೊಂಟ 80 ಸೆಂಟಿಮೀಟರ್, ಗಂಡಸರದು 90 ದಾಟಿದರೆ ಎಚ್ಚರ ಬೇಕು ಎನ್ನುತ್ತಾರೆ ವೈದ್ಯರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ದೊಡ್ಡವರಲ್ಲಿ ಶೇ 39.5 ಜನರಿಗೆ ಹೊಟ್ಟೆಯ ಸುತ್ತ ಬೊಜ್ಜಿದೆ, ಹತ್ತು ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ ಎಂದು ಅದು ಅಂದಾಜು ಮಾಡಿದೆ. ಇದು ಪಟ್ಟಣದ ಸಿರಿವಂತರ ಕಾಯಿಲೆ ಎನ್ನುವ ಕಾಲ ಮುಗಿಯಿತು. ನಮ್ಮ ಓಣಿಯಲ್ಲೇ ಕಾಣುತ್ತಿದೆ.

ಯಾಕೆ ಹೀಗಾಯಿತು ಎಂದು ತಿಳಿಯಲು ನಮ್ಮವ್ವನ ದಿನವನ್ನು ನೆನೆದರೆ ಸಾಕು. ನಸುಕಿನಲ್ಲಿ ಬೀಸುಕಲ್ಲು, ಆಮೇಲೆ ಹೊಳೆಯ ನೀರು, ಹೊತ್ತೇರಿದ ಮೇಲೆ ಹೊಲದಲ್ಲಿ ಕಳೆ, ಹಿಂಗಾರಿಯಲ್ಲಿ ಕಡಲೆ ಕೀಳುವುದು, ಜೋಳದ ಸುಗ್ಗಿ. ಗಜೇಂದ್ರಗಡದಲ್ಲಿ ತಂಗಿಯ ಅತ್ತೆ ಹರೆಯದಲ್ಲಿ ಮಗ್ಗದಲ್ಲಿ ಕೂತು ಪಟ್ಟೇದ ಅಂಚಿನ ಸೀರೆ ನೇಯ್ದವರು. ದಿನವಿಡೀ ಕೈಗೂ ಕಾಲಿಗೂ ಬಿಡುವಿರಲಿಲ್ಲ. ಅವರು ಉಂಡ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಆ ದುಡಿಮೆಗೆ ತಕ್ಕ ಊಟ. ಈಗ ಗಿರಣಿ ಬಂತು, ನಳ ಬಂತು, ಹೊಲಕ್ಕೆ ಹೋಗಲು ಗಾಡಿ ಬಂತು. ಒಳ್ಳೆಯದೇ ಆಯಿತು, ಆ ಕಷ್ಟ ಮತ್ತೆ ಯಾರಿಗೂ ಬೇಡ. ಊಟ ಮಾತ್ರ ಹಾಗೇ ಉಳಿಯಿತು, ಮೇಲೆ ಸಂಜೆಯ ಮಿರ್ಚಿ, ಚಹಾದ ಜೊತೆ ಬಿಸ್ಕೀಟು, ಬೇಕರಿಯ ಖಾರಾ ಸೇರಿಕೊಂಡವು.

ಇಲ್ಲಿ ಒಂದು ಮಾತು ಹೇಳಲೇಬೇಕು. ಈಗ ದೊಡ್ಡ ಊರುಗಳಲ್ಲಿ ಜೋಳದ ರೊಟ್ಟಿ ತಿಂದರೆ ತೂಕ ತಾನಾಗಿ ಇಳಿಯುತ್ತದೆ ಎಂಬ ನಂಬಿಕೆ ಹಬ್ಬಿದೆ. ಜೋಳದಲ್ಲಿ ನಾರು ಬಹಳ, ಹೊಟ್ಟೆ ತುಂಬಿದ ಭಾವ ಹೆಚ್ಚು ಹೊತ್ತು ಉಳಿಯುತ್ತದೆ, ನಿಜ. ಆದರೆ 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 330 ಕ್ಯಾಲರಿ ಇದೆ, ಗೋಧಿ ಹಿಟ್ಟಿಗಿಂತ ಕಡಿಮೆಯೇನಲ್ಲ. ರೊಟ್ಟಿಯ ಪಕ್ಕ ಕೂರುವುದನ್ನು ಇನ್ನೂ ಎಚ್ಚರದಿಂದ ನೋಡಬೇಕು: 100 ಗ್ರಾಂ ಶೇಂಗಾದಲ್ಲಿ 500ಕ್ಕೂ ಹೆಚ್ಚು ಕ್ಯಾಲರಿ, ಎಣ್ಣೆಯಲ್ಲಿ ಗ್ರಾಮಿಗೆ 9. ನಾವು ರೊಟ್ಟಿ ಬಿಡಲಿಲ್ಲ, ಎರಡಕ್ಕೆ ನಿಲ್ಲಿಸಿದೆವು. ಚಟ್ನಿಪುಡಿಗೆ ಎಣ್ಣೆಯ ಬದಲು ಮೊಸರು ಹಾಕಿದೆವು. ಮೆಂತೆ ಸೊಪ್ಪು, ಹಕ್ಕರಕಿ, ಮೂಲಂಗಿ, ಸೌತಿಕಾಯಿ, ಹಸಿ ಉಳ್ಳಾಗಡ್ಡಿ ತಾಟಿನ ಅರ್ಧ ಜಾಗ ತೆಗೆದುಕೊಂಡವು. ಇವೆಲ್ಲ ನಮ್ಮ ಸಂತೆಯಲ್ಲೇ ಸಿಗುತ್ತವೆ. ಹೊರಗಿನಿಂದ ಡಬ್ಬಿಯಲ್ಲಿ ಬರುವ ಪುಡಿಗಳಿಗೆ ದುಡ್ಡು ಸುರಿಯುವ ಅಗತ್ಯ ನನಗೆ ಇಂದಿಗೂ ಕಾಣುವುದಿಲ್ಲ.

ಪೂರ್ತಿ ಉಪವಾಸ ಬೇಡವೆಂದು ಹಟ ಹಿಡಿದವಳು ನಾನು. 1945ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ತರುಣರಿಗೆ ಅವರ ಒಪ್ಪಿಗೆಯಿಂದಲೇ ಆರು ತಿಂಗಳ ಹತ್ತಿರ ಅರೆಹೊಟ್ಟೆ ಊಟ ಕೊಟ್ಟು ನೋಡಿದ. ಬರುಬರುತ್ತ ಅವರಿಗೆ ಊಟದ ಹೊರತು ಬೇರೆ ಯೋಚನೆಯೇ ಬಾರದಾಯಿತು. ಅಡುಗೆ ಪುಸ್ತಕಗಳನ್ನು ಓದುತ್ತ ಕೂಡತೊಡಗಿದರು. ಹೊಟ್ಟೆಯನ್ನು ಕಾಡಿದರೆ ಅದು ಮನಸ್ಸನ್ನು ಕಾಡದೆ ಬಿಡುವುದಿಲ್ಲ. ಹೊತ್ತೊತ್ತಿಗೆ ಉಂಡವರಿಗೇ ಸಂಜೆಯ ಚಪಲವನ್ನು ತಡೆಯುವ ಶಕ್ತಿ ಇರುತ್ತದೆ.

ಮತ್ತೆ ಆ ಸಂಜೆ! ಐದು ಗಂಟೆಗೆ ಬಸ್ ಸ್ಟ್ಯಾಂಡಿನ ಹತ್ತಿರ ಬಾಣಲಿಗೆ ಮಿರ್ಚಿ ಬಿದ್ದರೆ ವಾಸನೆ ಓಣಿ ಹೊಕ್ಕು ಅಡುಗೆಮನೆಯವರೆಗೆ ಬರುತ್ತದೆ. ಉದ್ದನೆಯ ಹಸಿ ಮೆಣಸಿನಕಾಯಿ, ಕಡಲೆ ಹಿಟ್ಟಿನ ಉಬ್ಬಿದ ಸಿಪ್ಪೆ, ಪಕ್ಕದಲ್ಲಿ ಕಾಗದದ ಮೇಲೆ ಗಿರಮಿಟ್ಟು – ಚುರುಮುರಿ, ಉಳ್ಳಾಗಡ್ಡಿ, ಹುಣಸೆ ಬೆಲ್ಲದ ಹುಳಿ, ಮೇಲೆ ಪುಟಾಣಿ ಹಿಟ್ಟು. ಮಳೆ ಮೋಡ ಕವಿದ ದಿನವಂತೂ ಹೇಳುವುದೇ ಬೇಡ. ಈ ರುಚಿಯನ್ನು ಕೀಳು ಮಾಡಿ ಮಾತಾಡುವವರನ್ನು ನಾನು ನಂಬುವುದಿಲ್ಲ. ಇದು ನಮ್ಮ ನೆಲದ ರುಚಿ. ವಾರಕ್ಕೊಮ್ಮೆ, ಸಂತೆಯ ದಿನ, ಕೂತು ಒಂದು ಮಿರ್ಚಿ ಸಂತೋಷದಿಂದ ತಿನ್ನಬೇಕು. ಉಳಿದ ದಿನಗಳಿಗೆ ನಾವು ಒಂದು ಕರಾರು ಮಾಡಿಕೊಂಡೆವು: ಬಾಯಿ ಬೇಡಿದ ಕೂಡಲೆ ಒಬ್ಬರಿಗೊಬ್ಬರು ಫೋನು.

ಆಸೆ ಬಂದಾಗ ಅದರೊಡನೆ ಗುದ್ದಾಡಬೇಡಿ, ಅದು ಏರಿ ತಾನೇ ಇಳಿಯುವವರೆಗೆ ಸುಮ್ಮನೆ ನೋಡುತ್ತ ಇರಿ ಎಂದು ಚಟ ಬಿಡಿಸುವ ಕೆಲಸದಲ್ಲಿದ್ದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಹೇಳುತ್ತಿದ್ದ. ಒಬ್ಬಳೇ ಕೂತು ಅದನ್ನು ನೋಡುವುದು ಕಷ್ಟ. ಅಕ್ಕ ಫೋನು ಮಾಡಿ "ಏನ ಮಾಡ್ಲೇ, ಓಣಿ ತುಂಬ ಮಿರ್ಚಿ ವಾಸ್ನಿ ಬಡ್ಯಾಕತ್ತೈತಿ" ಅಂದರೆ, "ತಿನಬ್ಯಾಡ" ಎಂದು ನಾನು ಹೇಳುತ್ತಿರಲಿಲ್ಲ. "ನೀರು ಕುಡಿದಿ? ಮಜ್ಜಿಗಿ ಐತಿ? ಹಸಿವು ಆಗೇತೋ, ಬರೇ ಬಾಯಿ ಬೇಡಾಕತ್ತೈತೋ?" ಎಂದು ಕೇಳುತ್ತಿದ್ದೆ. ಅಲ್ಲಿಂದ ಮಾತು ಮಕ್ಕಳಿಗೆ, ಉಳ್ಳಾಗಡ್ಡಿಯ ದರಕ್ಕೆ, ಕಾಲುವೆಗೆ ನೀರು ಬಂತೋ ಇಲ್ಲವೋ ಎಂಬುದಕ್ಕೆ ಹೊರಳುತ್ತಿತ್ತು. ಫೋನು ಇಡುವ ಹೊತ್ತಿಗೆ ಆಸೆಯ ಕಾವು ಆರಿರುತ್ತಿತ್ತು. ಆರದ ದಿನ ತಿಂದದ್ದೂ ಉಂಟು. ಅಂಥ ದಿನ ಯಾರೂ ಯಾರನ್ನೂ ಬೈಯಲಿಲ್ಲ. ತಿಂದದ್ದನ್ನು ಮುಚ್ಚಿಡದೆ ಹೇಳಲು ಒಬ್ಬರು ಇದ್ದರೆ ನಾಳೆಯ ಊಟ ಮತ್ತೆ ಹಳಿಗೆ ಬರುತ್ತದೆ.

ಹೀಗೆ ಹೇಳಿಕೊಳ್ಳುವ ಮಾತಿನಿಂದಲೇ ಒಂದು ದೊಡ್ಡ ಸಂಸ್ಥೆ ಹುಟ್ಟಿದ್ದುಂಟು. ನ್ಯೂಯಾರ್ಕಿನ ಜೀನ್ ನೈಡೆಚ್ ಎಂಬ ಗೃಹಿಣಿ 97 ಕಿಲೊ ತೂಗುತ್ತಿದ್ದಳು. ಬಿಸ್ಕತ್ತಿನ ಆಸೆ ಅವಳನ್ನು ಬಿಡುತ್ತಿರಲಿಲ್ಲ. 1961ರಲ್ಲಿ ಆರು ಗೆಳತಿಯರನ್ನು ಮನೆಗೆ ಕರೆದು ಅದನ್ನೆಲ್ಲ ಹೇಳಿಕೊಂಡಳು. ಅವರೂ ತಮ್ಮ ತಮ್ಮದನ್ನು ಹೇಳಿದರು. ವಾರವಾರ ಸೇರತೊಡಗಿದ ಆ ಕೂಟವೇ 1963ರಲ್ಲಿ ವೇಟ್ ವಾಚರ್ಸ್ ಆಯಿತು. 1999ರಲ್ಲಿ ರೀನಾ ವಿಂಗ್, ರಾಬರ್ಟ್ ಜೆಫ್ರಿ ಎಂಬಿಬ್ಬರು ಜೊತೆಗಾರರ ಇಂಥ ಬೆಂಬಲವನ್ನು ಪರೀಕ್ಷೆಗೆ ಒಡ್ಡಿದರು. ಒಬ್ಬರೇ ಬಂದು ಸೇರಿದವರಲ್ಲಿ ಇಳಿಸಿದ ತೂಕವನ್ನು ಪೂರ್ತಿ ಉಳಿಸಿಕೊಂಡವರು ಶೇ 24. ಗೆಳೆಯರ ಜೊತೆ ಸೇರಿ ಪರಸ್ಪರ ಬೆಂಬಲ ಪಡೆದವರಲ್ಲಿ ಶೇ 66. ನನಗೆ ಇದನ್ನು ಓದಿದಾಗ ನಮ್ಮ ಜಿಲ್ಲೆಯ ಕಣಗಿನಹಾಳ ನೆನಪಾಯಿತು. 1905ರಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಊರು ಅದು. ಅಂದಿನ ಕಾಯಿದೆಯಂತೆ ಹಳ್ಳಿಯ ಸಂಘಗಳಲ್ಲಿ ಒಬ್ಬರ ಸಾಲಕ್ಕೆ ಎಲ್ಲ ಸದಸ್ಯರೂ ಹೊಣೆ. ಈಗಲೂ ನಮ್ಮ ಸ್ತ್ರೀಶಕ್ತಿ ಸಂಘಗಳಲ್ಲಿ ಹೆಣ್ಣುಮಕ್ಕಳು ವಾರವಾರ ಕೂತು ಉಳಿತಾಯದ ದುಡ್ಡು ಎಣಿಸುತ್ತಾರೆ, ಕಟ್ಟಲಾಗದವಳ ಕಂತಿಗೆ ಉಳಿದವರು ನಿಲ್ಲುತ್ತಾರೆ. ಅದೇ ಚಾಪೆಯ ಮೇಲೆ ಒಂದು ಟೇಪು, ಒಂದು ತೂಕದ ಯಂತ್ರ ಇಡಲು ಯಾರ ಅಪ್ಪಣೆಯೂ ಬೇಕಿಲ್ಲ.

ನಡಿಗೆಗೂ ಜೊತೆ ಬೇಕು, ಹೆಣ್ಣುಮಕ್ಕಳಿಗಂತೂ ಬೇಕೇ ಬೇಕು. ನಸುಕಿನಲ್ಲಿ ಒಬ್ಬಳೇ ರಸ್ತೆಗಿಳಿದರೆ ಚಹಾದಂಗಡಿಯ ಕಣ್ಣೆಲ್ಲ ಅವಳ ಮೇಲೆ. ನಾಲ್ಕು ಜನ ಹೊರಟರೆ ಅದೇ ರಸ್ತೆ ಅವರದಾಗುತ್ತದೆ. ಅಕ್ಕನಿಗೆ ನರಗುಂದದ ಗುಡ್ಡವಿದೆ. ಹಿಂದೆ ಅಲ್ಲಿ ಆಳಿದ ಬಾಬಾಸಾಹೇಬರ ಕೋಟೆಯ ಆ ಗುಡ್ಡವನ್ನು ಅವಳು ಓಣಿಯ ಗೆಳತಿಯರೊಡನೆ ಮೊದಮೊದಲು ಅರ್ಧ ಏರಿ ಕೂರುತ್ತಿದ್ದಳು. ತಂಗಿ ಕಾಲಕಾಲೇಶ್ವರನ ಮೆಟ್ಟಿಲು ಹತ್ತುತ್ತಾಳೆ. ಮೇಲೆ ಹೋದರೆ ಗುಡ್ಡದ ಸಾಲಿನ ಗಾಳಿಗಿರಣಿಗಳೆಲ್ಲ ಕಾಣುತ್ತವೆ ಎಂದು ಫೋನಿನಲ್ಲಿ ಏದುಸಿರಿನಲ್ಲೇ ವರದಿ ಒಪ್ಪಿಸುತ್ತಾಳೆ. ನನ್ನ ರೋಣದ ಸುತ್ತ ಬಯಲು. ಮಳೆಗಾಲದಲ್ಲಿ ಎರೆಮಣ್ಣು ಕಾಲು ಹಿಡಿಯುತ್ತದೆ, ಡಾಂಬರು ಬಿಟ್ಟು ಇಳಿಯುವಂತಿಲ್ಲ. ಮಾಗಿಯಲ್ಲಿ ಕಡಲೆ, ಜೋಳದ ಹೊಲಗಳ ನಡುವೆ ನಡೆಯುವ ಸುಖಕ್ಕೆ ಮಾತ್ರ ಯಾವ ಗುಡ್ಡವೂ ಸಾಟಿಯಲ್ಲ ಎಂದು ನಾನು ಇಬ್ಬರೊಡನೆಯೂ ವಾದಿಸುತ್ತೇನೆ.

ನಿಜವಾದ ಪರೀಕ್ಷೆ ಪಂಚಮಿಗೆ ಬಂತು. ಶ್ರಾವಣದಲ್ಲಿ ಮೂವರೂ ತವರಿಗೆ ಹೋದೆವು. ಅವ್ವ ಡಬ್ಬಿಗಟ್ಟಲೆ ಉಂಡಿ ಕಟ್ಟಿಟ್ಟಿದ್ದಳು: ಶೇಂಗಾ ಉಂಡಿ, ಎಳ್ಳುಂಡಿ, ಪುಟಾಣಿ ಉಂಡಿ, ರವೆ ಉಂಡಿ, ಬೇಸನ್ ಉಂಡಿ. ಅಕ್ಕ ಒಂದು ತಿಂದು ತಾಟು ಸರಿಸಿದಳು. ಅವ್ವನ ಮುಖ ಸಣ್ಣದಾಯಿತು.

"ಹಂಗಾರ ಇಷ್ಟೆಲ್ಲಾ ಯಾರ ಸಲುವಾಗಿ ಮಾಡೀನಿ ನಾನು?"

ಅಕ್ಕ ಅವ್ವನ ಪಕ್ಕ ಹೋಗಿ ಕೂತಳು. "ಅವ್ವಾ, ಸಕ್ರಿ ಗಡಿಗೆ ಬಂದು ನಿಂತೈತಿ. ನೀ ತಿನ್ನು ಅಂದ್ರ ನಂಗ ಒಲ್ಲೆ ಅನ್ನಾಕ ಆಗಂಗಿಲ್ಲ. ಬ್ಯಾರೆ ಯಾರು ಬೇಕಾದ್ರೂ ಅನ್ಲಿ, ನಿನಗ ನಾ ಒಲ್ಲೆ ಅನ್ನಲಾರೆ. ಅದಕ್ಕ ನೀನ ನಂಗ ಸಾಕು ಅನ್ನಬೇಕು."

ಅವ್ವ ತುಸು ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಎದ್ದು ಉಂಡಿಯ ಡಬ್ಬಿಗಳನ್ನು ಒಳಗಿಟ್ಟು, ಪಂಚಮಿಗೆಂದು ಹುರಿದ ಜೋಳದ ಅಳ್ಳಿನ ಬುಟ್ಟಿ ತಂದು ನಡುವೆ ಇಟ್ಟಳು. ಎಷ್ಟು ಹಗುರ ಆ ಅಳ್ಳು! ಬುಟ್ಟಿ ತುಂಬ ಕಂಡರೂ ತೂಕಕ್ಕೆ ಬೊಗಸೆ ಕಾಳಿನಷ್ಟಿಲ್ಲ. ಮಧ್ಯಾಹ್ನ ಉಂಡು ಅಡ್ಡಾಗಲು ಹೊರಟವರನ್ನು "ಏಳ್ರಿ, ಜೋಕಾಲಿ ಕಟ್ಟೇತಿ, ಜೀಕ್ರಿ ನಡೀರಿ" ಎಂದು ಎಬ್ಬಿಸಿದವಳೂ ಅವಳೇ. ಮಕ್ಕಳಿಗೆ ಉಣ್ಣಿಸುವುದೇ ತಾಯ್ತನ ಎಂದುಕೊಂಡು ಬಂದ ಹೆಣ್ಣಿಗೆ ಇದು ಸಣ್ಣ ತಿರುವಲ್ಲ. ಹೊರಡುವಾಗ ಡಬ್ಬಿ ಕಟ್ಟಿಕೊಟ್ಟಳು, ಅದನ್ನು ಬೇಡ ಎನ್ನುವ ಮಾತೇ ಇರಲಿಲ್ಲ. ಉಂಡಿ ಮಾತ್ರ ಲೆಕ್ಕದಷ್ಟಿದ್ದವು, ಉಳಿದ ಜಾಗದಲ್ಲಿ ಅಳ್ಳು ತುಂಬಿದ್ದಳು.

ಆ ವಾರ ಮೂವರ ಟೇಪೂ ಮೇಲಕ್ಕೇ ಹೋಯಿತು. ಇಂಥ ವಾರದಲ್ಲೇ ಬಹಳ ಜನ ಕೈಬಿಡುವುದು. ಇಳಿದ ವಾರ ಶಹಬ್ಬಾಸ್ ಅನ್ನುವವರು ಎಲ್ಲಿಯೂ ಸಿಗುತ್ತಾರೆ, ಏರಿದ ವಾರ "ನಾಳೆ ಗುಡ್ಡಕ್ಕ ಎಷ್ಟು ಗಂಟೆಗೆ ಹೊಂಟಿ?" ಎಂದಷ್ಟೇ ಕೇಳುವವರು ಬೇಕು. ದಪ್ಪ ಮೈಯನ್ನು ಆಡಿಕೊಂಡು ಯಾರನ್ನೂ ತೆಳ್ಳಗೆ ಮಾಡಲಾಗುವುದಿಲ್ಲ. ನಾಚಿಕೆಪಟ್ಟವರು ಕದ ಹಾಕಿಕೊಂಡು ತಿನ್ನುತ್ತಾರೆ, ಅಷ್ಟೇ. ಮೂರು ತಿಂಗಳು ಕಳೆದು ಅಕ್ಕ ಮತ್ತೆ ರಕ್ತ ಕೊಟ್ಟು ಬಂದಳು. ಸಕ್ಕರೆ ಗಡಿಯಿಂದ ತುಸು ಕೆಳಗೆ ಇಳಿದಿತ್ತು. ಡಾಕ್ಟರು ಹೀಗೇ ನಡೆಸಿ ಎಂದರಂತೆ.

ಈಗ ಸಂಜೆ ಐದಕ್ಕೆ ಹಳ್ಳಿಯಿಂದ ಅವ್ವನ ಫೋನೂ ಬರುತ್ತದೆ. ನಮಗೆ ಇನ್ನೂ ದಾಟಲು ಬಾರದ್ದು ಮದುವೆಯ ಪಂಕ್ತಿ. ಅಲ್ಲಿ ಬಡಿಸುವವರು ಗುರುತಿಲ್ಲದವರು, ಕೇಳುವುದರೊಳಗೆ ಹೋಳಿಗೆಯ ಮೇಲೆ ತುಪ್ಪ ಬಿದ್ದಿರುತ್ತದೆ. ಮುಂದಿನ ತಿಂಗಳು ಸೋದರಮಾವನ ಮಗನ ಮದುವೆ. ಏನು ಮಾಡುವುದೆಂದು ಮೂವರೂ ಕೇಳಿದ್ದಕ್ಕೆ ಅವ್ವ ಹೇಳಿದಳು: "ನಿಮ್ಮ ಮೂವರ ನಡುವ ನಾ ಕುಂದರ್ತೀನಿ. ಬಡಸಾಂವ ಬಂದ್ರ ಅವನ ಕೂಡ ನಾ ಮಾತಾಡ್ತೀನಿ, ನೀವು ಉಣ್ರಿ."